ಮೂಗಿಗೆ ಕಟ್ಟಿದ ಚೀಲ

ಕಂತು ಒಂಬತ್ತು

"ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ, ತ್ರಾಕ್. ಆ ಹುಡುಗಿ ಮಾಡಿದ ಪೆಟ್ಟಿಗೆ ಕೈಕೊಟ್ಟಿತು, ಮನುಷ್ಯ ಸತ್ತ. ಇನ್ನೇನು ಹುಡುಕ್ತಾ ಕೂತಿದ್ದೀಯ? ಅವಳನ್ನ ಕರ್ಕೊಂಡು ಬಾ, ಒಳಗೆ ಹಾಕೋಣ, ಕಡತ ಮುಚ್ಚೋಣ."

ತ್ರಾಕ್ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಪೊಲೀಸ್ ಠಾಣೆಯ ಸಾಹೇಬರು ಫೋನ್ ಇಟ್ಟಾಗಿತ್ತು.

ಅವನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಗಿರಣಿಯ ಆಫೀಸಿನ ಫ್ಯಾನು ಕತ್ತು ಹೊರಳಿಸುತ್ತ ಬಂದು, ಇನ್ನೇನು ಅವನ ಮುಖಕ್ಕೆ ಗಾಳಿ ಬೀಸಬೇಕು ಎನ್ನುವಾಗ ಟಕ್ಕೆಂದು ನಿಂತು ಹಿಂದಕ್ಕೇ ತಿರುಗಿತು. ಬೆಳಗ್ಗೆಯಿಂದ ಇದೇ ಕಥೆ. ಫ್ಯಾನೂ ಅಷ್ಟೆ, ಈ ಗಿರಣಿಯ ಜನರೂ ಅಷ್ಟೆ. ಹತ್ತಿರ ಬಂದಂತೆ ಮಾಡಿ ಮುಖ ತಿರುಗಿಸುತ್ತಾರೆ.

ಮೇಜಿನ ಆಚೆ ಕೂತಿದ್ದ ದಿಯೆಪ್‌ಗೆ ಸಾಹೇಬರ ಮಾತೆಲ್ಲ ಕೇಳಿಸಿತ್ತು. ಮೂವತ್ತೊಂದು ವರ್ಷದ ಹೆಣ್ಣು. ಪಟ್ಟಣದ ಪ್ರಯೋಗಾಲಯವೊಂದರಲ್ಲಿ ಗಾಳಿಯ ವಿಷ, ಗಾಳಿಯ ತೇವ ಎರಡನ್ನೂ ಹಿಡಿಯುವ ಸೆನ್ಸರ್ ಮಾಡುವವಳು. ಆರು ತಿಂಗಳ ಹಿಂದೆ ತಾನೇ ಏಣಿ ಹತ್ತಿ ಅದನ್ನು ಈ ಅಕ್ಕಿ ಗಿರಣಿಯ ಉಗ್ರಾಣದೊಳಗೆ ಕೂರಿಸಿದ್ದಳು. ಹನ್ನೆರಡು ದಿನದ ಹಿಂದೆ, ಗುರುವಾರ ಬೆಳಗ್ಗೆ, ಉಗ್ರಾಣ ನೋಡಿಕೊಳ್ಳುತ್ತಿದ್ದ ಲುವಾನ್ ಮೂಟೆಗಳ ನಾಲ್ಕನೇ ಅಟ್ಟಿಯ ಪಕ್ಕದಲ್ಲಿ ಹೆಣವಾಗಿ ಸಿಕ್ಕಿದ್ದ. ಅಕ್ಕಿಗೆ ಹುಳ ಹಿಡಿಯದಂತೆ ಇಡುವ ಮಾತ್ರೆಯ ವಿಷಗಾಳಿ. ಬಾಗಿಲ ಮೇಲಿನ ದೀಪ ಮಾತ್ರ ಹಸಿರಾಗೇ ಉರಿಯುತ್ತಿತ್ತು.

"ಬೇಯ್ ಚಿಕ್ಕಪ್ಪ," ಎಂದಳು ದಿಯೆಪ್. ಬೇಯ್ ಅಂದರೆ ಏಳು; ತ್ರಾಕ್ ಮನೆಗೆ ಏಳನೆಯವನು, ಹಾಗಾಗಿ ಊರಿಗೆಲ್ಲ ಬೇಯ್. "ನಾಲ್ಕು ಗಂಟೆಗೆ ನಾನೇ ನಡ್ಕೊಂಡು ಬರ್ತೀನಿ. ಅಮ್ಮನಿಗೆ ಮಾತ್ರ ನೀವೇ ಹೇಳಿ. ನನ್ನ ಕೈಲಾಗಲ್ಲ."

"ಬಾಯಿ ಮುಚ್ಚು ಮಗಳೇ. ಗೆರೆ ನೋಡು ಅಂದೆ, ಗೆರೆ ನೋಡು."

ಮೇಜಿನ ತುಂಬ ಕಾಗದ ಹರಡಿತ್ತು. ಅವಳ ಪೆಟ್ಟಿಗೆ ಆರು ತಿಂಗಳಿನಿಂದ ನಿಮಿಷ ನಿಮಿಷವೂ ಬರೆದಿಟ್ಟ ಗೆರೆಗಳು. ಕೆಂಪಿನದು ಗ್ಯಾಸು, ನೀಲಿಯದು ತೇವ. ತ್ರಾಕ್‌ಗೆ ಮೊದಮೊದಲು ಇದು ತಲೆಗೆ ಹತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಉಗುರಿನಷ್ಟೇ ಒಂದು ಬಿಲ್ಲೆ, ಅದರ ಮೇಲೆ ತವರದ ಬೂದಿಯಿಂದ ಬೆಳೆಸಿದ ಎಳೆಗಳು, ಒಂದು ಕೂದಲನ್ನು ಉದ್ದುದ್ದಕ್ಕೆ ಸಾವಿರ ಸಲ ಸೀಳಿದರೆ ಎಷ್ಟು ತೆಳುವೋ ಅಷ್ಟು ತೆಳು. ಗಾಳಿಯಲ್ಲಿ ಬಂದದ್ದು ಆ ಎಳೆಗಳ ಮೇಲೆ ಕೂತರೆ ಅದರಲ್ಲಿ ಹರಿಯುವ ಕರೆಂಟು ಏರುಪೇರಾಗುತ್ತದೆ. ಅಷ್ಟೆ ಅದರ ಗುಟ್ಟು. ಓದಿದವರು ಅದಕ್ಕೆ ನ್ಯಾನೋ ಎನ್ನುತ್ತಾರೆ. ಗಿರಣಿಯವರು ಸುಮ್ಮನೆ 'ಮೂಗು' ಎನ್ನುತ್ತಾರೆ.

ಲುವಾನ್‌ಗಂತೂ ಅದು ನಿಜವಾಗಿಯೂ ಮೂಗೇ ಆಗಿತ್ತು. ಜ್ವರ ಬಿದ್ದ ವರ್ಷದಿಂದ ಅವನಿಗೆ ವಾಸನೆ ಹೋಗಿತ್ತು. ಮೀನಿನ ಸಾಸಿನ ಜಾಡಿ ಕಾಲ ಬುಡದಲ್ಲೇ ಒಡೆದರೂ ಗೊತ್ತಾಗುತ್ತಿರಲಿಲ್ಲ. ಹಸಿರು ದೀಪ ಕಂಡರೆ ಒಳಗೆ ಹೋಗುತ್ತಿದ್ದ, ಕೆಂಪು ಕಂಡರೆ ನಿಲ್ಲುತ್ತಿದ್ದ.

"ಇದು ಯಾಕಿಷ್ಟು ನೆಟ್ಟಗಿದೆ?" ತ್ರಾಕ್ ಬೆರಳಿಟ್ಟ. ಬುಧವಾರ ಮಧ್ಯಾಹ್ನ ಮೂರು ನಲವತ್ತರಿಂದ ಕೆಂಪು ಗೆರೆ ಸ್ಕೇಲಿಟ್ಟು ಎಳೆದಂತಿತ್ತು.

"ಗ್ಯಾಸ್ ಇಲ್ಲ ಅಂತ ಅರ್ಥ."

"ಗ್ಯಾಸ್ ಇಲ್ಲದ ದಿನವೂ ಇದು ನೆಟ್ಟಗಿರಲ್ಲ. ಇಲ್ಲಿ ನೋಡು, ಇಲ್ಲಿ ನೋಡು. ಮಲಗಿದ ನಾಯಿ ಪಕ್ಕೆ ಆಡಿದ ಹಾಗೆ ಆಡ್ತಾನೇ ಇದೆ. ಕಾಲುವೇಲಿ ಡೀಸೆಲ್ ದೋಣಿ ಹೋದ್ರೂ ಅಲುಗುತ್ತೆ ಅಂತ ನೀನೇ ಅಂದಿದ್ದೆ. ಬುಧವಾರ ಸಂಜೆ ದೋಣಿ ಓಡಾಡಲಿಲ್ವಾ?"

ತ್ರಾಕ್ ಬೆರಳನ್ನು ಕೆಳಕ್ಕೆ ಜಾರಿಸಿದ.

"ನೀಲಿ ಗೆರೆ ನೋಡು. ಬುಧವಾರ ಐದಕ್ಕೆ ಮಳೆ ಹೊಡೀತು, ನನ್ನ ಮಂಡಿಗೆ ಇನ್ನೂ ನೆನಪಿದೆ. ಉಗ್ರಾಣದ ತೇವ ಏರಬೇಕಿತ್ತು. ಇದು ಎಪ್ಪತ್ತನಾಲ್ಕಕ್ಕೆ ಕಚ್ಕೊಂಡು ಕೂತಿದೆ. ಗುರುವಾರ ಬೆಳಗ್ಗೆ ಐದೂ ಹತ್ತಕ್ಕೆ ಒಂದೇ ಸಲ ತೊಂಬತ್ತಕ್ಕೆ ಹಾರಿದೆ. ಮಳೆ ನಿಂತು ಹನ್ನೊಂದು ಗಂಟೆ ಆದಮೇಲೆ ಇದಕ್ಕೆ ತೇವ ತಾಗಿತಾ?"

ಅವಳು ಕಾಗದವನ್ನು ನೋಡುತ್ತಿರಲಿಲ್ಲ, ತನ್ನ ಉಗುರು ನೋಡಿಕೊಳ್ಳುತ್ತಿದ್ದಳು. ತ್ರಾಕ್ ಮೂವತ್ತು ವರ್ಷ ಜನರ ಉಗುರು ನೋಡಿದವನು. ಈ ಹುಡುಗಿಗೆ ಏನೋ ಗೊತ್ತು. ಗೊತ್ತಿದ್ದೂ ನಾಲ್ಕು ಗಂಟೆಗೆ ಜೈಲಿಗೆ ಹೋಗಲು ತಯಾರಾಗಿ ಕೂತಿದೆ. ಅವನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಆಗ ಅಡುಗೆಯ ಥೊವಾ ಕಾಫಿ ಹಿಡಿದು ಬಂದಳು. ಅರವತ್ತು ದಾಟಿದ ಹೆಂಗಸು, ಗಿರಣಿಯ ಇಪ್ಪತ್ತು ಜನರಿಗೆ ಬೇಯಿಸುವವಳು. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಐಸು, ಕಾಫಿ, ಒಂದು ಹೀರುಗೊಳವೆ. ಬಾಯಿಗೆ ಬಿಗಿದ ರಬ್ಬರ್ ಬ್ಯಾಂಡ್.

ತ್ರಾಕ್ ಚೀಲವನ್ನು ಮುಖದ ಮುಂದೆ ಎತ್ತಿ ಹಿಡಿದ. ರಬ್ಬರ್ ಬ್ಯಾಂಡನ್ನು ನೋಡಿದ. ಕುಡಿಯಲಿಲ್ಲ.

"ಥೊವಾ ಅಕ್ಕ, ಇಂಥ ಚೀಲ ಆ ಮೂಗಿನ ಪೆಟ್ಟಿಗೆಗೆ ಯಾರಾದ್ರೂ ಕಟ್ತಾರಾ?"

"ಯಾರಾದ್ರೂ ಏನು, ಎಲ್ಲರೂ ಕಟ್ತೀವಿ."

ತ್ರಾಕ್ ಚೀಲವನ್ನು ಮೇಜಿನ ಮೇಲಿಟ್ಟ.

"ಹನ್ನೆರಡು ದಿನದಿಂದ ನಾನು ಇಲ್ಲಿ ಎಡತಾಕ್ತಿದ್ದೀನಿ. ಇದನ್ನ ಹೇಳೋಕೆ ನಿನಗೆ ನಾಲಿಗೆ ಇರಲಿಲ್ವಾ?"

"ನೀನು ಕೇಳಿದ್ದು ಪೆಟ್ಟಿಗೆ ಕೆಟ್ಟಿತ್ತಾ ಅಂತ. ಕೆಟ್ಟಿರಲಿಲ್ಲ, ಇಲ್ಲ ಅಂದೆ. ಕೇಳಿದ್ದಕ್ಕೆ ತಾನೇ ಹೇಳೋದು?" ಥೊವಾ ಸೊಂಟಕ್ಕೆ ಕೈಯಿಟ್ಟಳು. "ಮಾಡಿದವಳು ಇಲ್ಲೇ ಕೂತಿದ್ದಾಳೆ, ಬೇಜಾರು ಮಾಡ್ಕೋಬೇಡ ತಾಯಿ. ನಿನ್ನ ಮೂಗಿಗೆ ಹೆಂಡಕ್ಕೂ ವಿಷಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಅದನ್ನ ತಂದು ಉಗ್ರಾಣ ಕಾಯೋ ನೆಲದೇವರ ನೆತ್ತಿ ಮೇಲೇ ಕೂರಿಸಿದ್ದೀಯ. ತಿಂಗಳು ಹುಟ್ಟೋ ಪಾಡ್ಯಕ್ಕೊಂದು ಸಲ, ಹುಣ್ಣಿಮೆಗೊಂದು ಸಲ ಅವನಿಗೆ ಊದುಬತ್ತಿ, ಒಂದು ಬಟ್ಟಲು ಅಕ್ಕಿ ಹೆಂಡ, ಒಂದು ಸಿಗರೇಟು ಇಡಬೇಡ್ವಾ? ಇಟ್ಟ ತಕ್ಷಣ ಕಿಯ್ಯೋ ಅಂತ ಕಿರುಚುತ್ತೆ. ಮೊದಲ ಸಲ ಕಿರುಚಿದಾಗ ಮೂಟೆ ಹೊರೋರು ಕಾಲುವೆಗೆ ಹಾರಿದ್ರು. ಎರಡನೇ ಸಲ ನಕ್ಕರು. ಮೂರನೇ ಸಲಕ್ಕೆ ಲುವಾನೇ ಕಾಫಿ ಚೀಲ ತೊಳೆದು ಅದರ ಮೂತಿಗೆ ಕಟ್ಟಿದ. ಊದುಬತ್ತಿ ಆರಿದ ಮೇಲೆ ಬಿಚ್ತಿದ್ದ. ದೇವರಿಗೂ ಸಮಾಧಾನ, ಪೆಟ್ಟಿಗೆಗೂ ಸಮಾಧಾನ."

"ಹೋದ ಪಾಡ್ಯ ಯಾವತ್ತು?"

"ಮಂಗಳವಾರ. ಊದುಬತ್ತಿ ಹಚ್ಚಿದೆ, ಲುವಾನ್ ಚೀಲ ಕಟ್ಟಿದ, ಬಿಚ್ಚಿದ. ವೀನ್ ಯಜಮಾನರಿಗೆ ತೋಫು ಹುರಿದು ಕಳಿಸಿದೆ. ಪಾಡ್ಯ ಹುಣ್ಣಿಮೆ ಎರಡೂ ದಿನ ಅವರು ಮೀನು ಮಾಂಸ ಮುಟ್ಟಲ್ಲ."

ತ್ರಾಕ್ ಕಾಗದ ತಿರುವಿದ. ಮಂಗಳವಾರ ಬೆಳಗ್ಗೆ ಏಳೂ ಐದರಿಂದ ಏಳೂ ಐವತ್ತರವರೆಗೆ ಗೆರೆ ನೆಟ್ಟಗಿತ್ತು. ಆಮೇಲೆ ಮತ್ತೆ ಪಕ್ಕೆ ಆಡಿಸಿತ್ತು.

"ಬುಧವಾರ?"

"ಬುಧವಾರ ದೇವರಿಗೇನು ಕೆಲಸ?" ಎಂದಳು ಥೊವಾ. "ನೋಡು, ಇವತ್ತು ಹುಣ್ಣಿಮೆ. ಹೂವಿನವಳು ಇನ್ನೂ ಬಂದಿಲ್ಲ, ದೇವರು ಹಸ್ಕೊಂಡು ಕೂತಿದ್ದಾನೆ. ನಾನು ಹೊರಟೆ." ಹೋಗುವಾಗ ಕಾಫಿಯತ್ತ ಬೆರಳು ತೋರಿಸಿದಳು. "ಐಸ್ ಕರಗೋ ಮುಂಚೆ ಕುಡಿ. ಸಾಕ್ಷಿ ಅಂತ ಎತ್ತಿಟ್ಕೋಬೇಡ."

ಅವಳ ಹೆಜ್ಜೆ ಸದ್ದು ಅಂಗಳ ದಾಟುವವರೆಗೂ ತ್ರಾಕ್ ಕಾದ.

"ಈಗ ನೀನು ಹೇಳು ಮಗಳೇ. ಮೂಗು ಮುಚ್ಚಿದ್ರೆ ಪೆಟ್ಟಿಗೆಗೆ ಗೊತ್ತಾಗಲ್ವಾ?"

ದಿಯೆಪ್ ಕಣ್ಣು ಒರೆಸಿಕೊಂಡಳು. "ಗೊತ್ತಾಗುತ್ತೆ. ಗೆರೆ ಹತ್ತು ನಿಮಿಷ ಅಲುಗದಿದ್ರೆ ನನ್ನ ಫೋನಿಗೆ ದೂರು ಕಳಿಸುತ್ತೆ."

"ಬುಧವಾರ ಕಳಿಸಿತಾ?"

"ಇಲ್ಲ. ನಾನೇ ಬಾಯಿ ಮುಚ್ಚಿಸಿದ್ದೆ."

ತ್ರಾಕ್ ಕುರ್ಚಿಗೆ ಒರಗಿದ. ಹನ್ನೆರಡು ದಿನ ಈ ಹುಡುಗಿಗೋಸ್ಕರ ಸಾಹೇಬರ ಹತ್ತಿರ ಬೈಸಿಕೊಂಡಿದ್ದ.

"ಪೆಟ್ಟಿಗೆ ಯಾಕೆ ಸುಮ್ಮನಿತ್ತೋ ನನಗೆ ಗೊತ್ತೇ ಇಲ್ಲ ಅಂತ ಮೊದಲನೇ ದಿನ ಬರೆದುಕೊಟ್ಟೆ. ಸುಳ್ಳು ಚಿಕ್ಕಪ್ಪ. ಚೀಲದ ವಿಷಯ ಲುವಾನ್ ಮಾವನೇ ಹೇಳಿದ್ರು. ದೇವರ ದಿನ ನಿನ್ನ ಪೆಟ್ಟಿಗೆ ಚಾಡಿ ಹೇಳುತ್ತೆ, ಸ್ವಲ್ಪ ಬುದ್ಧಿ ಹೇಳಮ್ಮ ಅಂದ್ರು. ನಾನು ಪಾಡ್ಯ, ಹುಣ್ಣಿಮೆ ದಿನಗಳ ಪಟ್ಟಿ ಮಾಡಿ ಆ ದಿನ ದೂರು ಬರದ ಹಾಗೆ ಮಾಡಿದೆ. ಒಂದು ಪ್ರತಿ ಅವರಿಗೂ ಕೊಟ್ಟೆ. ಯಾವ ಓದಿದವಳು ಇಂಥ ಕೆಲಸ ಮಾಡ್ತಾಳೆ? ಹೇಳ್ಕೊಳ್ಳೋಕೆ ನಾಚಿಕೆ ಆಯ್ತು."

"ಪಾಡ್ಯ ಮಂಗಳವಾರ. ಬುಧವಾರ ಯಾಕೆ ಬಾಯಿ ಮುಚ್ಚಿತ್ತು?"

"ಕ್ಯಾಲೆಂಡರ್ ನೋಡದೆ ಬೆರಳಲ್ಲಿ ಎಣಿಸಿದೆ. ಚಂದ್ರನ ತಿಂಗಳಿಗೆ ಮೂವತ್ತು ದಿನ ಅಂದ್ಕೊಂಡೆ. ಹೋದ ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿದಿತ್ತು." ಅವಳು ಮಂಗಳವಾರದ ಕಾಗದ ಮುಂದಕ್ಕೆಳೆದಳು. "ಮಂಗಳವಾರ ಬೆಳಗ್ಗೆ ದೂರು ಬಂತು. ಫೋನ್ ಮಾಡಿದೆ. ಲುವಾನ್ ಮಾವ ನಕ್ಕರು. ನಿನ್ನ ಪೆಟ್ಟಿಗೆಗೆ ತಿಂಗಳು ಎಣಿಸೋಕೂ ಬರಲ್ಲ ಅಂದ್ರು. ಸಂಜೆ ಸರಿ ಮಾಡ್ತೀನಿ ಅಂದೆ. ಮಾಡಲಿಲ್ಲ. ಮಾಡಿದ್ರೆ ಬುಧವಾರ ಮೂರು ಐವತ್ತಕ್ಕೆ ನನ್ನ ಫೋನ್ ಹೊಡ್ಕೊಳ್ತಿತ್ತು. ಅವರು ಬದುಕ್ತಿದ್ರು."

ತ್ರಾಕ್ ಅಳುವವರನ್ನು ಸಮಾಧಾನ ಮಾಡುವುದರಲ್ಲಿ ಮೊದಲಿಂದಲೂ ದಡ್ಡ. ಕಾಫಿ ಚೀಲವನ್ನು ಅವಳತ್ತ ತಳ್ಳಿದ. ಅವಳು ಹೀರುಗೊಳವೆಯಲ್ಲಿ ಒಂದು ಗುಟುಕು ಎಳೆದಳು.

ಅವನ ತಲೆ ಮಾತ್ರ ನಿಧಾನವಾಗಿ, ಹಳೆ ಗಡಿಯಾರದ ಹಾಗೆ, ಒಂದು ಹಲ್ಲು ಮುಂದೆ ಜರುಗಿತು.

ದೇವರಿಗೋಸ್ಕರ ಕಟ್ಟುವವರು ಮಂಗಳವಾರ ಕಟ್ಟಿದರು. ಬುಧವಾರ ಕಟ್ಟಿದವನು ದೇವರನ್ನು ನೋಡಿ ಕಟ್ಟಲಿಲ್ಲ. ಪಟ್ಟಿಯನ್ನು ನೋಡಿ ಕಟ್ಟಿದ. ದೂರು ಹೋಗದ ದಿನ ಯಾವುದು ಎಂದು ಹುಡುಕಿ, ಅವತ್ತೇ ಕಟ್ಟಿದ. ಗ್ಯಾಸೆಲ್ಲ ಹೊರಗೆ ಹೋದ ಮೇಲೆ, ಬೆಳಗ್ಗೆ ಐದೂ ಹತ್ತಕ್ಕೆ ಬಂದು ಬಿಚ್ಚಿದ.

"ಆ ಪಟ್ಟಿ ಎಲ್ಲಿದೆ?"

"ಉಗ್ರಾಣದ ಆ ತುದಿಯಲ್ಲಿ ವೈರಿನ ಕಪಾಟಿದೆಯಲ್ಲ, ನಾಲ್ಕನೇ ಅಟ್ಟಿ ಆಚೆ. ಅದರ ಬಾಗಿಲ ಒಳಗೆ ಅಂಟಿಸಿದ್ರು."

"ನಮ್ಮವರು ಅದನ್ನ ತೆರೆದೇ ನೋಡಲಿಲ್ಲ." ತ್ರಾಕ್ ಹಲ್ಲು ಕಡಿದ. "ಕೀಲಿ ಯಾರ ಹತ್ರ ಇತ್ತು?"

"ಇಬ್ಬರ ಹತ್ರ. ಒಂದು ಲುವಾನ್ ಮಾವ."

ಎರಡನೆಯದು ಯಾರ ಹತ್ತಿರ ಎಂದು ಅವಳು ಹೇಳುವ ಮೊದಲೇ ಆ ಎರಡನೆಯವನೇ ಬಂದು ಬಾಗಿಲಲ್ಲಿ ನಿಂತಿದ್ದ.

ಗಿರಣಿಯ ಯಜಮಾನ ವೀನ್ ಬಿಳಿ ಅಂಗಿಯ ಮನುಷ್ಯ. ತೌಡಿನ ಧೂಳಿನಲ್ಲೇ ದಿನ ಕಳೆದರೂ ಆ ಅಂಗಿಗೆ ಒಂದು ಕಲೆಯಿಲ್ಲ. ನಾಲ್ಕನೇ ಅಟ್ಟಿಯಲ್ಲಿದ್ದದ್ದು ಒದ್ದೆ ಅಕ್ಕಿ, ಅದನ್ನು ಒಣ ಅಕ್ಕಿ ಎಂದು ಸಹಿ ಹಾಕಲು ಲುವಾನ್ ಒಪ್ಪಿರಲಿಲ್ಲ ಎಂಬುದು ತ್ರಾಕ್‌ಗೆ ಹೋದ ವಾರವೇ ಗೊತ್ತಾಗಿತ್ತು. ಗೊತ್ತಾಗಿ ಏನು ಬಂತು? ಸಹಿ ಹಾಕದಿರುವುದು ಕೊಲೆಗೆ ಸಾಕ್ಷಿಯಾಗುವುದಿಲ್ಲ.

"ಬೇಯ್ ಅಣ್ಣ, ಇನ್ನೂ ಕಾಗದ ನೋಡ್ತಾನೇ ಇದ್ದೀರಾ? ಕಣ್ಣು ಹೋಗುತ್ತೆ."

ದಿಯೆಪ್ ಎದ್ದಳು. "ಚಿಕ್ಕಪ್ಪ, ನಾನು ಹೋಗಿ ತರ್ತೀನಿ. ಎರಡೇ ನಿಮಿಷ."

ತಾನೂ ಏಳಬೇಕು ಎಂದುಕೊಂಡ ತ್ರಾಕ್. ಮಂಡಿ ಹಿಡಿದಿತ್ತು, ವೀನ್ ಆಗಲೇ ಕುರ್ಚಿ ಎಳೆದುಕೊಂಡು ಕೂತಿದ್ದ. ಉಗ್ರಾಣದ ಕಬ್ಬಿಣದ ಬಾಗಿಲನ್ನು ಬೆಳಗ್ಗೆ ತ್ರಾಕ್ ತನ್ನ ಕೈಯಾರೆ ಪೂರ್ತಿ ಮೇಲೆತ್ತಿ ಗಾಳಿಗೆ ಬಿಟ್ಟಿದ್ದ. ದೀಪ ಹಸಿರಿತ್ತು. ಮೂಗಿನ ಮೇಲೆ ಚೀಲ ಇರಲಿಲ್ಲ, ಅದನ್ನೂ ನೋಡಿದ್ದ. ಲುವಾನ್‌ನ ಕೀಲಿಗೊಂಚಲನ್ನು ಅವಳ ಕೈಗೆ ಕೊಟ್ಟ.

"ಕಾಗದದ ಅಂಚು ಮಾತ್ರ ಹಿಡ್ಕೋ. ಬೆರಳು ಊರಬೇಡ."

ವೀನ್ ಅವಳು ಹೋದ ಕಡೆ ನೋಡಲಿಲ್ಲ. ಅಂಗಿಯ ತೋಳು ಸರಿಮಾಡಿಕೊಂಡ.

"ಥೊವಾ ಈಗ ತಾನೆ ಚೀಲದ ಕಥೆ ಹೇಳಿದಳು," ಎಂದ ತ್ರಾಕ್.

"ಅಯ್ಯೋ, ಅದಾ? ನಾನೇ ಹೇಳಬೇಕಂತಿದ್ದೆ, ಸತ್ತವನ ಮೇಲೆ ತಪ್ಪು ಹೊರಿಸೋದು ಬೇಡ ಅಂತ ಸುಮ್ಮನಿದ್ದೆ. ಬುಧವಾರ ಪಾಡ್ಯ ಅಲ್ವಾ? ಲುವಾನ್ ಚೀಲ ಕಟ್ಟಿದ, ಬಿಚ್ಚೋದು ಮರೆತ. ತನ್ನ ಮೂಗಿಗೆ ತಾನೇ ಚೀಲ ಕಟ್ಕೊಂಡ ಪಾಪ. ಈ ಹುಡುಗಿ ತಪ್ಪೂ ಇಲ್ಲ, ಯಾರ ತಪ್ಪೂ ಇಲ್ಲ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಎಷ್ಟು ನಯವಾಗಿ ಬಂತು! ಐದೂ ಹತ್ತಕ್ಕೆ ಚೀಲ ಬಿಚ್ಚಿದ್ದು ಸತ್ತವನ ಕೈಯೇ ಎನ್ನುವ ಹಾಗೆ. ಹೂಂ ಎಂದರೆ ದಿಯೆಪ್ ಇವತ್ತೇ ಅಮ್ಮನ ಮನೆಗೆ ಹೋಗುತ್ತಾಳೆ, ಸಾಹೇಬರು ನಾಲ್ಕಕ್ಕೆ ಕಡತ ಮುಚ್ಚುತ್ತಾರೆ. ಲುವಾನ್ ಮಾತ್ರ ಮರೆಗುಳಿ ಅನ್ನಿಸಿಕೊಂಡು ಮಣ್ಣಲ್ಲಿ ಮಲಗಿರುತ್ತಾನೆ.

"ಊಟಕ್ಕೆ ಇವತ್ತೇನು ಯಜಮಾನ್ರೇ?"

"ತೋಫು. ಹುಣ್ಣಿಮೆ."

"ಪಾಡ್ಯಕ್ಕೂ ಅದೇನಾ?"

"ಹನ್ನೊಂದು ವರ್ಷದಿಂದ ಒಂದು ಸಲ ತಪ್ಪಿಸಿಲ್ಲ. ಅಮ್ಮನಿಗೆ ಕೊಟ್ಟ ಮಾತು."

"ಅಂದ್ರೆ ಆ ಬುಧವಾರ ತೋಫು ತಿಂದ್ರಿ."

"ಮತ್ತೆ?"

"ತಿನ್ನಲಿಲ್ಲ. ಆ ಬುಧವಾರ ಮಧ್ಯಾಹ್ನ ಸೇತುವೆ ಹತ್ರ ನುಚ್ಚಕ್ಕಿ ಅನ್ನದ ಅಂಗಡೀಲಿ ಕೂತು ಹಂದಿ ಪಕ್ಕೆಲುಬು ತಿಂತಿದ್ರಿ. ಮೂರುವರೆವರೆಗೂ ಅಲ್ಲೇ ಇದ್ದೆ ಅಂತ ನೀವೇ ಬರೆದುಕೊಟ್ಟಿದ್ದೀರಿ. ಅಂಗಡಿಯವಳೂ ಹೇಳಿದಾಳೆ, ಎರಡು ತುಂಡು ಜಾಸ್ತಿ ಹಾಕಿಸ್ಕೊಂಡ್ರು ಅಂತ." ತ್ರಾಕ್ ಮುಂದಕ್ಕೆ ಬಾಗಿದ. "ತೋಫು ತಿಂದಿದ್ದು ಮಂಗಳವಾರ. ನಿಮ್ಮ ಹೊಟ್ಟೆಗೆ ಪಾಡ್ಯ ಮಂಗಳವಾರ, ನಿಮ್ಮ ಬಾಯಿಗೆ ಬುಧವಾರ. ಬುಧವಾರ ಪಾಡ್ಯ ಅಂತ ಇರೋದು ಇಡೀ ದೇಶದಲ್ಲಿ ಒಂದೇ ಒಂದು ಕಾಗದದಲ್ಲಿ. ಅದನ್ನ ಎಲ್ಲಿ ಓದಿದ್ರಿ?"

ವೀನ್‌ನ ಕೈ ತೋಳಿನ ಮೇಲೆ ನಿಂತಿತು. ಒಂದು ಕ್ಷಣ ಅಷ್ಟೆ. ಆಮೇಲೆ ನಕ್ಕ.

"ಬಾಯಿತಪ್ಪಿ ಬಂತು ಅಣ್ಣ. ಬಾಯಿತಪ್ಪಿದ್ದಕ್ಕೆ ಬೇಡಿ ಹಾಕ್ತೀರಾ? ಹಾಗಾದ್ರೆ ನಿಮ್ಮ ಸಾಹೇಬರಿಗೆ ದಿನಾ ಹಾಕಬೇಕಾಗುತ್ತೆ."

ಅವನು ಹೇಳಿದ್ದು ಸರಿಯೇ, ಅದೇ ತ್ರಾಕ್‌ನ ಹೊಟ್ಟೆ ಉರಿಸಿತು. ಪಕ್ಕೆಲುಬು, ತೋಫು ಹಿಡಿದು ಯಾವ ಕೋರ್ಟಿಗೆ ಹೋಗುವುದು? ಕಾಗದ ಬೇಕು. ಕಾಗದದ ಮೇಲೆ ಬೆರಳ ಗುರುತು ಬೇಕು. ಅವನು ಗಡಿಯಾರ ನೋಡಿದ. ಎರಡು ನಿಮಿಷ ಎಂದು ಹೋದವಳು ಹೋಗಿ ಒಂಬತ್ತು ನಿಮಿಷವಾಗಿತ್ತು.

ಅಷ್ಟರಲ್ಲಿ ಉಗ್ರಾಣದ ಕಡೆಯಿಂದ ಕಿರುಚು ಎದ್ದಿತು.

ಸಣ್ಣಗೆ, ಚೂಪಾಗಿ, ಉಸಿರು ತೆಗೆದುಕೊಳ್ಳದ ಕಿರುಚು. ತ್ರಾಕ್ ಅರ್ಧ ಎದ್ದ. ಅಂಗಳದಲ್ಲಿ ಮೂಟೆ ಹೊರುವವರು ಮಾತ್ರ ಊಟದ ಬಟ್ಟಲಿನಿಂದ ತಲೆ ಎತ್ತಲಿಲ್ಲ. ಒಬ್ಬ ನಗುತ್ತ ಕೂಗಿದ. "ಚೀಲ ಕಟ್ಟೋಕೆ ಲುವಾನ್ ಮಾವ ಇಲ್ಲ ಅಂತ ಅಳ್ತಿದೆ ನೋಡ್ರೋ!" ಉಳಿದವರೂ ನಕ್ಕರು.

"ಹುಣ್ಣಿಮೆ ಅಣ್ಣ," ಎಂದ ವೀನ್, ಕೈ ಕಟ್ಟಿಕೊಂಡು. ಅವನು ಕುರ್ಚಿಯಿಂದ ಅಲುಗಿರಲಿಲ್ಲ. "ಊದುಬತ್ತಿ, ಹೆಂಡ. ಕೂತ್ಕೊಳ್ಳಿ. ಇದೇ ತಾನೆ ನೀವು ನಂಬಿರೋ ಸಾಕ್ಷಿ?"

ಹೌದು, ಹುಣ್ಣಿಮೆ. ತ್ರಾಕ್ ಉಸಿರು ಬಿಟ್ಟು ಮತ್ತೆ ಕುರ್ಚಿಯ ಅಂಚಿಗೆ ಕುಸಿದ.

ಬಾಗಿಲಲ್ಲಿ ನೆರಳು ಬಿತ್ತು. ಥೊವಾ. ಅವಳ ಕಂಕುಳಲ್ಲಿ ಹಳದಿ ಹೂವಿನ ಕಟ್ಟು, ಒಂದು ಕೈಯಲ್ಲಿ ಹೆಂಡದ ಶೀಶೆ, ಇನ್ನೊಂದರಲ್ಲಿ ಊದುಬತ್ತಿಯ ಪೊಟ್ಟಣ. ಪೊಟ್ಟಣ ಒಡೆದಿರಲಿಲ್ಲ.

"ಅದ್ಯಾಕೆ ಕಿರುಚ್ತಿದೆ ಬೇಯ್?" ಎಂದಳು. "ಹೂವು ಈಗ ತಾನೆ ಬಂತು. ನಾನಿನ್ನೂ ಹಚ್ಚೇ ಇಲ್ಲ."

ತ್ರಾಕ್ ಕಿಟಕಿಗೆ ನೆಗೆದ. ತೌಡಿನ ಧೂಳು ಹಿಡಿದ ಗಾಜನ್ನು ಅಂಗೈಯಿಂದ ಒರೆಸಿದ. ಅಂಗಳದ ಆಚೆ ದೀಪ ಕೆಂಪಗೆ ಉರಿಯುತ್ತಿತ್ತು. ಅದರ ಕೆಳಗೆ, ಬೆಳಗ್ಗೆ ತಾನೇ ಮೇಲೆತ್ತಿ ಬಿಟ್ಟಿದ್ದ ಕಬ್ಬಿಣದ ಬಾಗಿಲು ನೆಲದವರೆಗೂ ಇಳಿದಿತ್ತು. ಹೊರಗಡೆಯ ಕೊಂಡಿಯಲ್ಲಿ ಬೀಗ ತೂಗುತ್ತಿತ್ತು.